ಪೈಲಟ್ ‘ಅನ್‌ಫಿಟ್’ ಆದರೆ: ಮೇಲ್ಮನವಿ ಕೇಳುವಾಗ ಯಾರ್ಯಾರಿರಬೇಕು?

ರಾಯದುರ್ಗ/ಮಡಕಶಿರಾ: ಪೈಲಟ್ ಆಗಬೇಕೆಂದು ಹೊರಡುವ ಗಡಿನಾಡಿನ ಹುಡುಗರಿಗೆ ಬೆಂಗಳೂರು ದೂರವೇನಲ್ಲ. ಅಲ್ಲಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ, ಪೈಲಟ್‌ಗಳ ವೈದ್ಯಕೀಯ ಪರೀಕ್ಷೆ ನಡೆಯುವ ದೇಶದ ಪ್ರಮುಖ ಕೇಂದ್ರಗಳಲ್ಲೊಂದು. ‘ಅನ್‌ಫಿಟ್’ ಎಂದು ಬರೆದರೆ ಸಾಲಸೋಲ ಮಾಡಿ ಕಲಿತ ವಿದ್ಯೆ ಅಲ್ಲಿಗೇ ನಿಂತಂತೆ. ತಜ್ಞರ ವರದಿ ಜೋಡಿಸಿ ಡಿಜಿಸಿಎಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಆದರೆ ಅದನ್ನು ಕೇಳುವಾಗ ಯಾರ್ಯಾರಿರಬೇಕು?

ವೈದ್ಯರಷ್ಟೇ ಸಾಲದು. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮವೂ ಇದನ್ನೇ ಹೇಳುತ್ತದೆ. ನಿಗದಿತ ಮಟ್ಟ ಮುಟ್ಟದವರ ವಿಷಯದಲ್ಲಿ ವೈದ್ಯಕೀಯ ತಜ್ಞರು, ಅಗತ್ಯ ಬಿದ್ದರೆ ಹಾರಾಟದ ತಜ್ಞರನ್ನೂ ಕೇಳಿ ನಿರ್ಧರಿಸಬೇಕು. ಆ ವ್ಯಕ್ತಿಯ ಕೌಶಲ, ಅನುಭವ ಲೆಕ್ಕಕ್ಕೆ ಬರಬೇಕು. ‘ಅಗತ್ಯ ಬಿದ್ದರೆ’ ಎಂಬ ಮಾತಿನಲ್ಲೇ ತೊಡಕಿರುವುದು. ಅಗತ್ಯ ಬಿತ್ತೆಂದು ಹೇಳುವವರು ಯಾರು? ಹೃದಯ ತಜ್ಞರಿಗೆ ಹೃದಯ ಗೊತ್ತು, ಕಾಕ್‌ಪಿಟ್ ಗೊತ್ತಿರಬೇಕೆಂದಿಲ್ಲ.

ಆಸ್ಟ್ರೇಲಿಯಾದ ಉದಾಹರಣೆ ನೋಡಿ. ಬಣ್ಣಗುರುಡಿನ ಪೈಲಟ್ ಒಬ್ಬರಿಗೆ ರಾತ್ರಿ ಹಾರಾಟ ನಿಷೇಧವಾಗಿತ್ತು. 1989ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಮಂಡಳಿ ಕೇಳಿದ್ದು ಬಣ್ಣದ ಚುಕ್ಕಿಗಳ ಪುಸ್ತಕ ಓದಬಲ್ಲರೇ ಎಂದಲ್ಲ, ವಿಮಾನವನ್ನು ಸುರಕ್ಷಿತವಾಗಿ ಹಾರಿಸಬಲ್ಲರೇ ಎಂದು. ತೀರ್ಪು ಅವರ ಪರವಾಯಿತು.

ಹಾಗೆಂದು ಪೈಲಟ್ ಮಾತೇ ವೇದವಾಕ್ಯವೂ ಅಲ್ಲ. 2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ ವಿಮಾನವನ್ನು ಸಹ ಪೈಲಟ್ ಆಲ್ಪ್ಸ್ ಬೆಟ್ಟಕ್ಕೆ ಅಪ್ಪಳಿಸಿದಾಗ 150 ಜನ ಸತ್ತರು. ಕೆಲಸಕ್ಕೆ ಯೋಗ್ಯನಲ್ಲವೆಂದು ವೈದ್ಯರು ಕೊಟ್ಟ ಚೀಟಿಯನ್ನು ಆತ ಕಂಪನಿಯಿಂದ ಬಚ್ಚಿಟ್ಟಿದ್ದ. ಆದ್ದರಿಂದ ಚಿಕಿತ್ಸೆ ಕೊಟ್ಟ ವೈದ್ಯರ ಪೂರ್ತಿ ದಾಖಲೆ ಮೇಜಿನ ಮೇಲಿರಲೇಬೇಕು. ಪೈಲಟ್ ಎದುರಿಗೇ ಇರಬೇಕು. ಮೊದಲು ‘ಅನ್‌ಫಿಟ್’ ಎಂದ ವೈದ್ಯರು ಬಂದು ಕಾರಣ ವಿವರಿಸಲಿ, ಆದರೆ ತೀರ್ಪು ಕೊಡುವ ಕುರ್ಚಿಯಲ್ಲಿ ಕೂರುವುದು ಬೇಡ.

ಕಂಪನಿಯವರು? ರೋಗದ ಗುಟ್ಟೆಲ್ಲ ಅವರ ಕಿವಿಗೆ ಬೀಳಬೇಕಿಲ್ಲ. ಹಾರಲಾಗದವರಿಗೆ ನೆಲದ ಮೇಲೆ ಯಾವ ಕೆಲಸವಿದೆ ಎಂದು ಹೇಳಲು ಮಾತ್ರ ಅವರು ಬೇಕು. ಬಣ್ಣಗುರುಡಿನ ಕಾರಣಕ್ಕೆ ಮನೆಗೆ ಕಳಿಸಲಾಗಿದ್ದ ತೆಲಂಗಾಣ ಆರ್‌ಟಿಸಿಯ ಬಸ್ ಚಾಲಕನಿಗೆ ಬೇರೆ ಕೆಲಸ ಕೊಡುವಂತೆ ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಹೇಳಿತು. ನಿಗಮ ಅಂಥ ಕೆಲಸವನ್ನು ಸರಿಯಾಗಿ ಹುಡುಕಿಯೇ ಇರಲಿಲ್ಲ.