ಆಲೆಮನೆ ನಾಟಕ ಸಾಕು

ಶನಿವಾರ, ಭಾನುವಾರ ಬಂತಂದ್ರೆ ಬೆಂಗಳೂರಿನ ಕಾರುಗಳು ನಮ್ಮ ಮಂಡ್ಯ ಕಡೆಯ ಆಲೆಮನೆ ಮುಂದೆ ನಿಲ್ತವೆ. "ಹಳ್ಳಿ ಜೀವನ ನೋಡ್ಬೇಕು" ಅಂತಾರೆ. ನೋಡ್ಲಿ. ಆಲೆಮನೆಗೆ ಬಂದೋರನ್ನ ಕಬ್ಬಿನ ಹಾಲು ಕುಡಿಸದೆ ಕಳಿಸೋ ರೂಢಿ ನಮ್ಮಲ್ಲಿಲ್ಲ. ಆರೇಳು ಲೀಟರ್ ಹಾಲು ಖರ್ಚಾದ್ರೆ ಒಂದು ಕೆಜಿ ಬೆಲ್ಲ ಹೋಯ್ತು, ಅಷ್ಟೇ. ಅದಕ್ಕೆ ನನ್ನ ತಕರಾರಿಲ್ಲ.

ತಕರಾರು ಇರೋದು ನಾವು ಅವರಿಗೆ ತೋರಿಸೋದರ ಬಗ್ಗೆ. ಬೆಂಡೆ ಗಿಡದ ಲೋಳೆ, ಸುಣ್ಣದ ತಿಳಿ ಹಾಕಿ ಮಡ್ಡಿ ತೆಗೆಯೋದನ್ನ ತೋರಿಸಿ "ತಾತನ ಕಾಲದಿಂದ ಹಿಂಗೇ" ಅಂತೀವಿ. ಕಾರು ತಿರುಗಿದ ಮೇಲೆ ಹೈಡ್ರೋಸ್ ಪೊಟ್ಟಣ ಬಿಚ್ಚೋರು ನಮ್ಮಲ್ಲೇ ಇದ್ದಾರೆ. ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ 70 ಪಿಪಿಎಂ ದಾಟಬಾರದು ಅಂತ ಆಹಾರ ಸುರಕ್ಷತಾ ನಿಯಮವೇ ಇದೆ. ಕಣ್ಣಳತೆಯಲ್ಲಿ ಹಿಡಿ ತುಂಬಿ ಸುರಿಯೋರಿಗೆ ಪಿಪಿಎಂ ಎಲ್ಲಿ ಗೊತ್ತಾಯ್ತದೆ?

ಯಾಕೆ ಹಾಕ್ತಾರೆ ಅನ್ನೋದೂ ನಂಗೆ ಗೊತ್ತು ಕಣ್ರಪ್ಪ. 10 ಟನ್ ಕಬ್ಬು ಅರೆದ್ರೆ ಹೆಚ್ಚುಕಮ್ಮಿ 1 ಟನ್ ಬೆಲ್ಲ. ಮಂಡಿಯಲ್ಲಿ ರುಚಿ ಕೇಳಲ್ಲ, ಬಣ್ಣ ನೋಡ್ತಾರೆ. ಕಂದು ಅಂತ ರೇಟು ಇಳಿಸಿದ್ರೆ ಕಟಾವಿನ ಕೂಲಿ ಎಲ್ಲಿಂದ ಕೊಡೋದು? ಅಂಗಡಿಯಲ್ಲಿ ಹಳದಿ ಬೆಲ್ಲವನ್ನೇ ಆರಿಸೋರು ಇದೇ ಪೇಟೆ ಜನ. ಹಳ್ಳಿ ಅನುಭವ ಬೇಕು, ಹಳ್ಳಿ ಬೆಲ್ಲದ ಬಣ್ಣ ಬೇಡ.

ಆದ್ರೂ ಒಂದು ಯೋಚನೆ ಮಾಡಿ. ಮಂಡಿ ವ್ಯಾಪಾರಿ ಯಾವತ್ತಾದ್ರೂ ಕೊಪ್ಪರಿಗೆ ಮುಂದೆ ನಿಂತಿದ್ದಾನಾ? ಬೆಲ್ಲ ಬೇಯೋದನ್ನ ಕಣ್ಣಾರೆ ನೋಡೋ ಗಿರಾಕಿ ಅಂದ್ರೆ ಕಾರಲ್ಲಿ ಬಂದ ಈ ಪ್ರವಾಸಿ ಒಬ್ಬನೇ. ಬಣ್ಣ ಯಾಕೆ ಕಂದು ಅಂತ ಹೇಳಿದ್ರೆ ಅವನಿಗೆ ಅಲ್ಲೇ ಅರ್ಥ ಆಯ್ತದೆ. ಅಂಥವನಿಗೆ ನಾಟಕ ತೋರಿಸಿ, ಫೋಟೋ ತೆಗೆಸಿ, ಬರಿಗೈಲಿ ಕಳಿಸ್ತೀವಲ್ಲ, ಇದಕ್ಕಿಂತ ದಡ್ಡತನ ಇದ್ಯಾ?

ಎತ್ತಿನ ಗಾಣ ಹೋಗಿ ಮೋಟಾರ್ ಬಂದಿದೆ ಅಂತ ಹೇಳಿ. ಒಲೆ ಮುಂದೆ ಬೇಯ್ತಿರೋರು ಉತ್ತರ ಪ್ರದೇಶದ ಹುಡುಗರಾದ್ರೆ ಅದನ್ನೂ ಹೇಳಿ. ಅದರಲ್ಲಿ ನಾಚಿಕೆ ಏನಿದೆ? ಹಾಲು ಪುಕ್ಕಟೆ ಕೊಡಿ, ಬೆಲ್ಲ ಕಾಸಿಗೆ ಕೊಡಿ. ವಾರಕ್ಕೆ ಒಂದಾದ್ರೂ ಕೊಪ್ಪರಿಗೆ ಹೈಡ್ರೋಸ್ ಇಲ್ಲದೆ ಇಳಿಸಿ, ಆ ಅಚ್ಚುಗಳನ್ನ ಬೇರೆ ಇಟ್ಟು, ಮಂಡಿ ರೇಟಿಗಲ್ಲ, ನಮ್ಮ ರೇಟಿಗೆ ಬಾಗಿಲಲ್ಲೇ ಮಾರಿ.

ತೋರಿಸೋದೂ ಮಾಡೋದೂ ಒಂದೇ ಆಗಿರ್ಲಿ. ಅದು ಆಗಲ್ಲ ಅಂದ್ರೆ "ಒಳಗೆ ಬರಬೇಡಿ" ಅಂತ ಬೋರ್ಡ್ ಹಾಕೋದೇ ಮರ್ಯಾದೆ.