ಸೂಜಿ ಹೇಳಬಲ್ಲುದೂ ಹೇಳಲಾರದುದೂ

ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ ನೋವಿಲ್ಲದ ಗಂಟೊಂದು ಕಾಣಿಸಿಕೊಂಡರೆ ವೈದ್ಯರು ಸಾಮಾನ್ಯವಾಗಿ ಸೂಜಿಪರೀಕ್ಷೆ ಮಾಡಿಸುತ್ತಾರೆ. ಲಾಲಾಗ್ರಂಥಿಯ, ಎಂದರೆ ಜೊಲ್ಲನ್ನು ಒಸರಿಸುವ ಗ್ರಂಥಿಯ ಗಂಟಿಗೆ ತೆಳುವಾದ ಸೂಜಿಯನ್ನು ಚುಚ್ಚಿ, ಹೀರಿ ತೆಗೆದ ಜೀವಕೋಶಗಳನ್ನು ಗಾಜಿನ ಮೇಲೆ ಸವರಿ, ಬಣ್ಣವೂಡಿ, ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನವಿದು. ನ್ಯೂಯಾರ್ಕಿನ ಮಾರ್ಟಿನ್ ಮತ್ತು ಎಲ್ಲಿಸ್ 1930ರಲ್ಲಿಯೇ ಇಂಥ ಪರೀಕ್ಷೆಯನ್ನು ವರ್ಣಿಸಿದ್ದರು.

ಪರೀಕ್ಷೆಯ ವರದಿಯಲ್ಲಿ ‘ಗಡ್ಡೆಯಿರುವುದು ದಿಟ; ಸೌಮ್ಯವೋ ಮಾರಕವೋ ನಿಶ್ಚಯಿಸಲಾಗದು’ ಎಂದು ಬರೆದಿದ್ದರೆ ರೋಗಿಯೂ ಬಂಧುಗಳೂ, ಕೆಲವು ವೇಳೆ ವೈದ್ಯರೂ ಅಸಮಾಧಾನಗೊಳ್ಳುವುದುಂಟು. ಈ ಅಸಮಾಧಾನ ನ್ಯಾಯವಾದುದಲ್ಲವೆಂದು ನನ್ನ ಅಭಿಪ್ರಾಯ.

ಈ ಗ್ರಂಥಿಗಳಲ್ಲಿ ಹುಟ್ಟುವ ಗಡ್ಡೆಗಳ ಬಗೆಗಳು ಮೂವತ್ತಕ್ಕೂ ಮೀರಿವೆ. ಅತಿ ಸಾಮಾನ್ಯವಾದ ಪ್ಲಿಯೊಮಾರ್ಫಿಕ್ ಅಡಿನೋಮ ಸೌಮ್ಯವಾದುದು. ವಿರಳವಾದ ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮವೋ ನರಗಳ ಗುಂಟ ಮೆಲ್ಲಗೆ ಹರಿದು, ಎಷ್ಟೋ ವರ್ಷಗಳ ಬಳಿಕ ಶ್ವಾಸಕೋಶದಲ್ಲಿ ತಲೆಯೆತ್ತಬಲ್ಲುದು. ಎರಡರಲ್ಲಿಯೂ ಜೀವಕೋಶಗಳೊಡನೆ, ಗೀಮ್ಸಾ ಬಣ್ಣದಲ್ಲಿ ನೇರಳೆಗೆಂಪಾಗಿ ತೋರುವ ದ್ರವ್ಯವಿರುತ್ತದೆ. ಮೊದಲನೆಯದರಲ್ಲಿ ಅದು ಎಳೆಎಳೆಯಾಗಿ ಹರಡಿ ಕೋಶಗಳನ್ನು ತನ್ನೊಳಗೆ ಹುದುಗಿಸಿಕೊಂಡಿರುತ್ತದೆ; ಎರಡನೆಯದರಲ್ಲಿ ನುಣುಪಾದ ಗುಂಡುಗಳಾಗಿದ್ದು ಕೋಶಗಳು ಸುತ್ತಲೂ ಮುತ್ತಿರುತ್ತವೆ. ಪುಸ್ತಕದಲ್ಲಿ ಇದು ಸುಲಭ. ಆದರೆ ಸೌಮ್ಯವಾದುದರಲ್ಲಿಯೂ ಅಂಥ ಗುಂಡುಗಳು ಸಿಗುವುದುಂಟು. ಮಾರಕದ ಒಂದು ಪ್ರಭೇದದಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ.

ಇನ್ನು ಕೆಲವು ಗಡ್ಡೆಗಳಲ್ಲಿ ಸೌಮ್ಯ, ಮಾರಕಗಳ ಕೋಶಗಳು ಒಂದೇ ತೆರನಾಗಿದ್ದು, ಗಡ್ಡೆ ನೆರೆಯ ಅಂಗಾಂಶದೊಳಕ್ಕೆ ನುಗ್ಗಿದೆಯೆ ಎಂಬುದೊಂದೇ ಭೇದವನ್ನು ತಿಳಿಸುತ್ತದೆ. ಹೊಲದಿಂದ ಹಿಡಿ ಪೈರನ್ನು ಕಿತ್ತು ತಂದವನು, ಬೆಳೆ ಬದುವನ್ನು ದಾಟಿತ್ತೆ ಎಂದು ಹೇಳಬಲ್ಲನೆ?

ಊಹೆಯಿಂದ ಹೆಸರಿಟ್ಟರೆ ಆಗುವ ಹಾನಿ ಸಣ್ಣದಲ್ಲ. ಕಿವಿಯ ಬಳಿಯ ಗ್ರಂಥಿಯೊಳಗೆ ಮುಖದ ನರವು ಕವಲೊಡೆದು ಸಾಗುತ್ತದೆ. ದುಡುಕಿ ‘ಮಾರಕ’ವೆಂದರೆ ಶಸ್ತ್ರಕ್ರಿಯೆ ಅನಗತ್ಯವಾಗಿ ವಿಸ್ತಾರವಾದೀತು, ನರಕ್ಕೆ ಪೆಟ್ಟಾದರೆ ರೆಪ್ಪೆ ಮುಚ್ಚದು, ಬಾಯಿ ಓರೆಯಾಗುವುದು. ದುಡುಕಿ ‘ಸೌಮ್ಯ’ವೆಂದರೆ ಕ್ಯಾನ್ಸರಿನ ಬೇರು ಉಳಿದೀತು. 2018ರಲ್ಲಿ ಪ್ರಕಟವಾದ ಮಿಲಾನ್ ವರದಿ ಪದ್ಧತಿಯು ‘ಮಾರಕತೆ ಅನಿಶ್ಚಿತ’ವಾದ ಗಡ್ಡೆಗಳಿಗೂ ಒಂದು ಸ್ಥಾನವನ್ನು ಕಲ್ಪಿಸಿದೆ. ಅದು ನುಣುಚಿಕೊಳ್ಳುವ ಮಾತಲ್ಲ. ಶಸ್ತ್ರವೈದ್ಯನು ಎರಡಕ್ಕೂ ಸಿದ್ಧನಾಗಿರಬೇಕೆಂಬ ಸೂಚನೆ.

ಅನಿಶ್ಚಯವನ್ನು ಕುಗ್ಗಿಸುವ ಉಪಾಯಗಳೂ ಇವೆ. ಹೀರಿದುದೆಲ್ಲವನ್ನೂ ಗಾಜಿನ ಮೇಲೆ ಸವರಿ ಮುಗಿಸದೆ, ಸ್ವಲ್ಪವನ್ನು ಮೇಣದ ಅಚ್ಚಿನಲ್ಲಿ ಉಳಿಸಿದರೆ ಮುಂದೆ ಜೀನ್ ಪರೀಕ್ಷೆ ಸಾಧ್ಯ. ಅಡಿನಾಯ್ಡ್ ಸಿಸ್ಟಿಕ್ ಗಡ್ಡೆಗಳಲ್ಲಿ ಅನೇಕವು ‘ಮಿಬ್’ ಎಂಬ ಜೀನಿನ ವ್ಯತ್ಯಾಸವನ್ನು ತೋರುತ್ತವೆ. ಅದಕ್ಕಿಂತ ಅಗ್ಗದ ಉಪಾಯ, ಮಾದರಿಯೊಡನೆ ಬರುವ ಚೀಟಿಯನ್ನು ಪೂರ್ತಿ ಬರೆಯುವುದು. ‘ಶ್ವಾಸಕೋಶದ ಗಂಟು’ ಎಂದಷ್ಟೇ ಬರೆದು, ಹತ್ತು ವರ್ಷದ ಹಿಂದೆ ಅಂಗುಳಿನ ಗಡ್ಡೆಯನ್ನು ತೆಗೆಸಿದ ಸಂಗತಿಯನ್ನು ಬಿಟ್ಟರೆ, ಪರೀಕ್ಷಕನು ಲಾಲಾಗ್ರಂಥಿಯನ್ನು ನೆನೆಯುವುದಾದರೂ ಹೇಗೆ?