ಮೂತ್ರದ ಡೋಪಮಿನ್ ಮನಸ್ಸಿನ ಅಳತೆಯಲ್ಲ

ನಾನು ರೋಗಪತ್ತೆ ಲ್ಯಾಬೊಂದರಲ್ಲಿ ಕೆಲಸ ಮಾಡುವವಳು. ಈಚೆಗೆ ಯುವಕನೊಬ್ಬ ಬೇರೆಡೆ ಮಾಡಿಸಿದ ಮೂತ್ರಪರೀಕ್ಷೆಯ ವರದಿ ಹಿಡಿದು ಬಂದ. 'ಮೇಡಂ, ಡೋಪಮಿನ್ ಕಮ್ಮಿ ಇದೆಯಂತೆ, ಅದಕ್ಕೇ ಯಾವುದರಲ್ಲೂ ಉತ್ಸಾಹ ಇಲ್ಲವಂತೆ' ಎಂದ. ಹೀಗೆ ಹೇಳಿ ಜನರಿಂದ ಹಣ ಪಡೆಯುವುದು ಅನ್ಯಾಯ.

ಮೂತ್ರದಲ್ಲಿ ಸಿಗುವ ಡೋಪಮಿನ್‌ನ ಬಹುಪಾಲು ಮೂತ್ರಪಿಂಡದಲ್ಲೇ ತಯಾರಾದದ್ದು. ರಕ್ತದಲ್ಲಿ ಬರುವ ಎಲ್-ಡೋಪಾವನ್ನು ಅಲ್ಲಿನ ಸೂಕ್ಷ್ಮನಾಳಗಳ ಜೀವಕೋಶಗಳು ಡೋಪಮಿನ್ ಆಗಿ ಮಾರ್ಪಡಿಸುತ್ತವೆ. ಉಪ್ಪನ್ನು ಹೊರಹಾಕಲು ಅದು ನೆರವಾಗುತ್ತದೆ. ಮಿದುಳಿನ ಸಂಗತಿ ಈ ಅಂಕಿಯಿಂದ ತಿಳಿಯದು.

ಮೂತ್ರಪಿಂಡದ ಉತ್ಪಾದನೆಗಾದರೂ ಇದು ನಂಬತಕ್ಕ ಸೂಚಕವೇ? ಷರತ್ತುಗಳಿವೆ. ಊಟದಲ್ಲಿ ಉಪ್ಪು ಹೆಚ್ಚಾದರೆ ಅಂಕಿ ಏರಬಹುದು. ಎಲ್-ಡೋಪಾ ಇರುವ ನಸುಗುನ್ನಿ ಬೀಜದ ಪುಡಿ ತಿಂದರೂ ಏರಬಹುದು. ಬೆಳಗಿನ ಮೊದಲ ಮೂತ್ರ ಬಿಟ್ಟು, ಮರುದಿನ ಅದೇ ಹೊತ್ತಿನವರೆಗಿನದ್ದನ್ನೆಲ್ಲ ಆಮ್ಲ ಹಾಕಿದ ಕ್ಯಾನಿನಲ್ಲಿ ಸಂಗ್ರಹಿಸಬೇಕು. ಒಂದು ಸಲ ತಪ್ಪಿದರೂ 24 ಗಂಟೆಗಳ ಲೆಕ್ಕ ಕೆಡುತ್ತದೆ.

ಬೇಸರ, ನಿದ್ರಾಹೀನತೆ ಕಾಡುತ್ತಿದ್ದರೆ ನೇರವಾಗಿ ವೈದ್ಯರನ್ನು ಕಾಣಿ. ಮನಸ್ಸು ತಿಳಿಯಲೆಂದು ಈ ಪರೀಕ್ಷೆಗೆ ದುಡ್ಡು ಸುರಿಯಬೇಡಿ.